ಹೊಳೆಯಾಚೆಯ ಇಲಿ

ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಗುವವರು ಒಮ್ಮೆ ಈಶಾನ್ಯದ ಹಿಮಬೆಟ್ಟಗಳ ನಡುವಿನ ದ್ರಿ ನದಿಯ ಕಣಿವೆಗೆ ಬಂದು, ಯಾವುದಾದರೂ ಮಿಶ್ಮಿ ಬುಡಕಟ್ಟಿನ ಮನೆಯಲ್ಲಿ ಹೆಂಗಸರ ಒಲೆಯ ಮುಂದೆ ಕೂತು ಆ ಮಾತು ಹೇಳಿ ನೋಡಬೇಕು. ಊಟ ಸಿಗುವುದು ಅನುಮಾನ. ಇಲ್ಲಿ ಬೆಟ್ಟ ಅಗೆದಾದರೂ ಇಲಿ ತಂದ ಗಂಡನೇ ಗಂಡ. ಹಂದಿ, ಜಿಂಕೆ, ಹಿಮದಂಚಿನಲ್ಲಿ ಮೇಯುವ, ದನದಷ್ಟು ದೊಡ್ಡ ತಾಕಿನ್ ಇವೆಲ್ಲ ಗಂಡಸರ ಪಾಲು. ಅವರೇ ಹೊಡೆದು, ಅವರದೇ ಒಲೆಯಲ್ಲಿ, ಅವರದೇ ಪಾತ್ರೆಯಲ್ಲಿ ಬೇಯಿಸಿಕೊಂಡು ತಿನ್ನುತ್ತಾರೆ. ಹೆಂಗಸರಿಗೆ ಮೀನು, ಹಕ್ಕಿ, ಕಾಡಿಲಿ. ಹೀಗೆ ಪಾಲು ಮಾಡಿದವರು ಯಾರು ಎಂದು ಕೇಳಿದರೆ ಒಂದೊಂದು ಮನೆಯ ಅಜ್ಜಿ ಒಂದೊಂದು ಕಥೆ ಹೇಳುತ್ತಾಳೆ. ಕಥೆ ಬೇರೆ ಬೇರೆಯಾದರೂ ಪಾತ್ರೆಗಳು ಮಾತ್ರ ಯಾರ ಮನೆಯಲ್ಲೂ ಬೆರೆಯುವುದಿಲ್ಲ.

ಅಚಿತೊ ಮೆಪೊ ಈ ಕಣಿವೆಯಲ್ಲಿ ಇಲಿ ಹಿಡಿದೇ ಮುದುಕನಾದವನು. ಮದುವೆಯಾದ ಮೇಲೆ ಅವನು ಕೋವಿ ಮುಟ್ಟಲಿಲ್ಲ. ಇಲಿಯ ಜಾಡಿನಲ್ಲಿ ಒಂದು ಚಪ್ಪಟೆ ಕಲ್ಲನ್ನು ಬಿದಿರುಕಡ್ಡಿಯ ಮೇಲೆ ಓರೆಯಾಗಿ ನಿಲ್ಲಿಸುವುದು, ಅಡಿಯಲ್ಲಿ ನಾಲ್ಕು ಜೋಳದ ಕಾಳು ಉದುರಿಸುವುದು, ಕಡ್ಡಿ ತಪ್ಪಿ ಕಲ್ಲು ಬಿದ್ದ ಮೇಲೆ ಹೋಗಿ ಎತ್ತಿಕೊಂಡು ಬರುವುದು. ಇದೇ ಅವನ ಬೇಟೆ. ಕೇಳಲು ಸುಲಭ. ಕಡ್ಡಿ ಒಂದು ಕೂದಲೆಳೆಯಷ್ಟು ದಪ್ಪವಾದರೆ ಇಲಿ ಊಟ ಮುಗಿಸಿ ಮೀಸೆ ಒರೆಸಿಕೊಂಡು ಹೋಗುತ್ತದೆ.

ಊರವರು ಅವನನ್ನು ಆಡಿಕೊಳ್ಳುತ್ತಿದ್ದುದಕ್ಕೆ ಬೇರೆ ಕಾರಣವಿತ್ತು. ದೊಡ್ಡ ಬೇಟೆಯಾಡಿ ಬಂದವನು ಕೆಲವು ದಿನ ಮಡಿ ಹಿಡಿಯಬೇಕು. ಈರುಳ್ಳಿ ಬೆಳ್ಳುಳ್ಳಿ ಮುಟ್ಟಬಾರದು, ಹೆಂಡತಿಯ ಮಗ್ಗುಲಿಗೆ ಹೋಗಬಾರದು. ಇಲಿ ಹಿಡಿಯುವವನಿಗೆ ಇಂಥ ಕಾಟವಿಲ್ಲ. "ಅಚಿತೊ ಯಾಕೆ ಇಲಿ ಹಿಡೀತಾನೆ ಅಂತ ನಮಗೆ ಗೊತ್ತಿಲ್ವಾ? ಹೆಂಡ್ತಿ ಹಾಸಿಗೆ ಬಿಟ್ಟು ಒಂದು ದಿನ ಇರಲಾರ, ಪಾಪ," ಎಂದು ಗಂಡಸರು ಬಿದಿರಿನ ಲೋಟದಲ್ಲಿ ಅಕ್ಕಿಯ ಹೆಂಡ ಹೀರುತ್ತ ನಗುತ್ತಿದ್ದರು. ಅಚಿತೊ ತಾನೂ ನಗುತ್ತಿದ್ದ. ನಿಜವಾದ ಕಾರಣಕ್ಕಿಂತ ಇದೇ ವಾಸಿ ಎಂದುಕೊಳ್ಳುತ್ತಿದ್ದ.

ನಿಜವಾಗಿ ನಡೆದದ್ದು ಹೀಗೆ. ಮದುವೆಯಾದ ಹೊಸತು. ಹೆಂಡತಿ ಎಮಿತಿ ಪಕ್ಕದ ಮಾಥುನ್ ಕಣಿವೆಯ ಹುಡುಗಿ, ತಾಚೊ ಮನೆತನದವಳು. ಮಾತು ಕಡಿಮೆ, ಕಣ್ಣು ಜಾಸ್ತಿ. ಅವಳ ಅಪ್ಪ ಕಸ್ತೂರಿಮೃಗದ ಬೆನ್ನುಹತ್ತಿ ಹಿಮದ ಕಣಿವೆಗೆ ಹೋದವನು ಮರಳಿರಲಿಲ್ಲ. "ನಮ್ಮಪ್ಪನ ನಾಯಿ ಬಂತು, ಅಪ್ಪ ಬರಲಿಲ್ಲ." ಗಂಡನ ಮನೆಗೆ ಬಂದ ಮೊದಲ ವಾರ ಅವಳು ಆಡಿದ ಅತಿ ಉದ್ದದ ಮಾತು ಇದು. ಅಚಿತೊನಿಗೆ ಆಗ ಇದು ಬರೀ ಹೆಂಡತಿಯ ತವರಿನ ಸುದ್ದಿಯಾಗಿತ್ತು. ಅವನಿಗೂ ಹಿಮದ ಬೆಟ್ಟದ ಹುಚ್ಚಿತ್ತು. ಅಣ್ಣ ಬೂಕೊನ ಬೆನ್ನಿಗೆ ಹೋಗಿ ಒಳ್ಳೆಯ ಗುರಿಗಾರ ಎನ್ನಿಸಿಕೊಂಡಿದ್ದ. ಬೇಟೆಗೆ ಹೋಗುವ ಹಿಂದಿನ ದಿನ ಬೀಳುವ ಕನಸು ಕೂಡ ಅವನಿಗೆ ಚೊಕ್ಕವಾಗಿ ಬೀಳುತ್ತಿತ್ತು. ಗುರುತಿಲ್ಲದ ಹೆಂಗಸೊಬ್ಬಳು ಬಂದು ಕಂಬಳಿ ಹೊದಿಸಿ ಹೋಗುವಳು, ಮಾರನೆಯ ದಿನ ಬೇಟೆ ಸಿಗುವುದು.

ಆ ಸಂಜೆ ಮಳೆ. ಉದ್ದನೆಯ ಮನೆಯ ತುಂಬ ಹೊಗೆ. ಒಲೆಗಳ ಮೇಲಿನ ಅಟ್ಟದಲ್ಲಿ ವಾರಗಟ್ಟಲೆ ಹೊಗೆಯುಂಡ ಮಾಂಸ ಸಾಲಾಗಿ ನೇತಾಡುತ್ತಿತ್ತು. ಅಷ್ಟು ದಿನ ಹೊಗೆಯುಂಡರೆ ಇಲಿಯೂ ಕಪ್ಪು, ಜಿಂಕೆಯೂ ಕಪ್ಪು. ಅಚಿತೊನ ಅಮ್ಮ ಶುಂಠಿ, ಮೆಣಸಿನಕಾಯಿ, ಬಿದಿರಿನ ಕಳಲೆ ಹಾಕಿ ಇಲಿ ಬೇಯಿಸಿ ಎಲ್ಲ ಹೆಂಗಸರ ಎಲೆಗೂ ಬಡಿಸಿದ್ದಳು. ಹೊಸ ಮದುಮಗನಿಗೆ ಅಷ್ಟರಲ್ಲಿ ಸಮಾಧಾನವಾಗಲಿಲ್ಲ. ಅಮ್ಮ ಆಚೆ ತಿರುಗಿದಾಗ ಅಟ್ಟಕ್ಕೆ ಕೈಚಾಚಿ, ಕೈಗೆ ಸಿಕ್ಕವುಗಳಲ್ಲಿ ದಪ್ಪನಾದ ಒಂದು ತುಂಡು ಕಿತ್ತು, ಕೆಂಡದ ಮೇಲೆ ಆಡಿಸಿ, ಹೆಂಡತಿಯ ಎಲೆಯ ಮೇಲೆ ಇಟ್ಟ. ಪ್ರೀತಿ ಕುರುಡು ಎನ್ನುತ್ತಾರೆ. ಅದಕ್ಕೆ ಹೊಗೆಯೂ ಸೇರಿದರೆ ಕೇಳಬೇಕೆ?

ಎಮಿತಿ ಕಚ್ಚಿದಳು. ನಾರು ನಾರಾಗಿ ಮಾಂಸ ಸೀಳಿಕೊಂಡದ್ದನ್ನು ಬೆಂಕಿಯ ಬೆಳಕಿನಲ್ಲಿ ನೋಡಿದ ಮೇಲೆ ಅಚಿತೊನಿಗೆ ತಪ್ಪು ಗೊತ್ತಾಯಿತು. ಅದು ಬೂಕೊ ಹಿಮದಂಚಿನಿಂದ ಹೊತ್ತು ತಂದ ತಾಕಿನ್. ಕಾಡುಪ್ರಾಣಿಗಳನ್ನು ಕಾಯುವ ದೈವ, ಆ ಬೆಟ್ಟದ ಒಡೆಯನಿಂದ ಕೇಳಿ ಪಡೆದ ಪ್ರಾಣಿ. ಅದನ್ನು ಹೆಂಗಸು ತಿಂದರೆ ಅವಳಿಗೂ ಕೇಡು, ಹೊಡೆದವನಿಗೂ ಕೇಡು ಎಂದು ತೊಟ್ಟಿಲಲ್ಲೇ ಕಲಿತ ಮಾತು.

"ಏನದು ಅವಳ ಎಲೇಲಿ, ಅಷ್ಟು ದಪ್ಪದ್ದು?" ಅಮ್ಮ ಕೇಳಿದಳು.

"ಇಲಿ," ಎಂದ ಅಚಿತೊ. ನಾಲಿಗೆ ಅವನದಾಗಿರಲಿಲ್ಲ. "ನಾನೇ ಹಿಡಿದಿದ್ದು. ಹೊಳೆಯಾಚೆ. ಅಲ್ಲಿ ಒಂದು ದೊಡ್ಡ ಜಾತಿ ಇದೆ."

ಮೂಲೆಯಲ್ಲಿದ್ದ ಬೂಕೊ ಹೋ ಎಂದು ನಕ್ಕ. "ನೀನು? ಇಲಿ? ಹುಟ್ಟಿದಮೇಲೆ ಒಂದು ಕಲ್ಲು ನಿಲ್ಸಿದ್ದು ನಾನು ನೋಡಿಲ್ವಲ್ಲೋ!"

"ನಿಲ್ಸಿದೀನಿ. ನಿಂಗ್ಯಾಕೆ ಹೇಳ್ಬೇಕು?"

ಎಮಿತಿ ತಲೆ ತಗ್ಗಿಸಿ ಪೂರ್ತಿ ತಿಂದಳು. ಕೈ ತೊಳೆದು ಬಂದು ಗಂಡನ ಮುಖ ನೋಡಿ ಮೆಲ್ಲಗೆ ಹೇಳಿದಳು: "ಎಷ್ಟು ರುಚಿ ಇತ್ತು. ಇನ್ನೊಂದು ಸಲ ತಂದುಕೊಡ್ತೀಯಾ?"

ಅವನ ಹಣೆಬರಹ ಆಗಲೇ ಬರೆದಾಯಿತು. ಮಾರನೆಯ ಮುಂಜಾನೆ ಅಣ್ಣ ಏಳುವ ಮೊದಲೇ ಅಚಿತೊ ಬೆತ್ತದ ತೂಗುಸೇತುವೆ ದಾಟಿ ಹೊಳೆಯಾಚೆ ಹೋದ. ಸುಳ್ಳಿಗೆ ಸಾಕ್ಷಿ ಬೇಕಲ್ಲ. ಕಲ್ಲು ನಿಲ್ಲಿಸಲು ಬಾರದೆ ಬೆರಳು ಜಜ್ಜಿಕೊಂಡ. ಸಂಜೆ ಹೊತ್ತಿಗೆ ಸಿಕ್ಕಿದ್ದು ಅಂಗೈಯಗಲದ ಒಂದು ಬಡಕಲು ಇಲಿ. ಅಮ್ಮ ಅದನ್ನು ಬಾಲ ಹಿಡಿದು ಎತ್ತಿ, "ದೊಡ್ಡ ಜಾತಿಯ ಮೊಮ್ಮಗು ಇರ್ಬೇಕು," ಎಂದಳು.

ಕೋವಿಯನ್ನು ಅವನು ಗೋಡೆಗೆ ತೂಗುಹಾಕಿದ. ಬೆಟ್ಟದ ಒಡೆಯನಿಗೆ ಮೋಸವಾಗಿದೆ, ಇನ್ನು ಯಾವ ಮುಖ ಹೊತ್ತು ಅವನ ಅಂಗಳಕ್ಕೆ ಹೋಗುವುದು? ಹೋದರೆ ತನ್ನನ್ನು ಹಿಡಿಯುತ್ತಾನೆ, ಇಲ್ಲವೇ ತನ್ನ ದಾರಿ ಹಿಡಿದು ಬಂದು ಅವಳನ್ನು ಹಿಡಿಯುತ್ತಾನೆ. ಹೀಗೆ ಲೆಕ್ಕ ಹಾಕಿ ಅಚಿತೊ ಹಿಮದ ಕಡೆ ಮುಖ ಹಾಕುವುದನ್ನೇ ಬಿಟ್ಟ. ಬೂಕೊ ಕರೆದ, ಬೈದ, ಕೊನೆಗೆ ಒಬ್ಬನೇ ಹೋದ. ಆ ವರ್ಷವೇ ಬೂಕೊ ಬಂಡೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡು ಕುಂಟನಾದ. ಅಣ್ಣನನ್ನು ಬುಟ್ಟಿಯಲ್ಲಿ ಕೂರಿಸಿ ಹೊತ್ತು ತಂದ ಅಚಿತೊನಿಗೆ ದಾರಿಯುದ್ದಕ್ಕೂ ಒಂದೇ ಯೋಚನೆ: ಕಾಲು ಮುರಿದದ್ದು ಬಂಡೆಯಲ್ಲ, ತಾನು. ಆಮೇಲೆ ಅಣ್ಣ ಕುಂಟುತ್ತ ಎದುರಿಗೆ ಬಂದಾಗಲೆಲ್ಲ ಅವನು ನೆಲ ನೋಡುತ್ತಿದ್ದ.

ಎಮಿತಿ ಮಾತ್ರ ಆ ಇಲಿಯನ್ನು ಮರೆಯಲಿಲ್ಲ. ಅವನು ತಂದದ್ದನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಹೆರೆದು, ಕರುಳು ತೆಗೆದು, ಬೇಯಿಸಿ, ಒಂದು ತುತ್ತು ಬಾಯಿಗಿಟ್ಟು ಯೋಚಿಸುತ್ತಿದ್ದಳು. "ಚೆನ್ನಾಗಿದೆ. ಆದ್ರೆ ಅವತ್ತಿಂದಲ್ಲ."

"ಸಿಗತ್ತೆ ಇರು."

"ನಾಳೆ ಹೋಗು."

ಅವನು ನಾಳೆ ಹೋಗುತ್ತಿದ್ದ. ಹೆಂಗಸರ ಬಾಯಲ್ಲಿ ಮಾತು ನಿಲ್ಲುವುದುಂಟೆ? ಹೊಳೆಯಾಚೆಯ ದೊಡ್ಡಿಲಿಯ ಸುದ್ದಿ ಊರೆಲ್ಲ ಹಬ್ಬಿತು. ಮನೆಮನೆಯಲ್ಲಿ ಹೆಂಡಂದಿರು ಗಂಡಂದಿರನ್ನು ತಿವಿಯತೊಡಗಿದರು. ಕೆಲವು ಬೇಸಗೆಗಳಲ್ಲಿ ಬೆತ್ತದ ಸೇತುವೆಯ ಮೇಲೆ ಇಲಿ ಹುಡುಕುವ ಗಂಡಸರ ಸಾಲೇ ಇರುತ್ತಿತ್ತು. ಒಬ್ಬ ಅದನ್ನು ಕಂಡೆನೆಂದ. ಇನ್ನೊಬ್ಬ ಅದರ ಬಿಲದಲ್ಲಿ ಮೊಣಕೈವರೆಗೆ ಕೈ ಹಾಕಿದೆನೆಂದ. ಮೂರನೆಯವನು ಅದಕ್ಕೆ ಕಿವಿಯ ಮೇಲೆ ಬಿಳಿ ಕೂದಲಿದೆ ಎಂದು ಆಣೆ ಮಾಡಿದ. ಸುಳ್ಳು ಹುಟ್ಟಿಸಿದ ಅಚಿತೊ ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಇಷ್ಟು ಜನ ಹೇಳಿದ ಮೇಲೆ ಇದ್ದರೂ ಇರಬಹುದಲ್ಲ?

ಕಂಬಳಿ ಹೊದಿಸುವ ಹೆಂಗಸು ಅವನ ಕನಸಿಗೆ ಬರುವುದು ನಿಂತು ಹೋಗಿತ್ತು. ಅವಳ ಬದಲು ಇಲಿ ಬರತೊಡಗಿತು. ಹೊಳೆಯಾಚೆ ಮಂಜಿನಲ್ಲಿ, ಪಾಚಿಗಟ್ಟಿದ ಬಂಡೆಯ ಮೇಲೆ, ಕಿವಿಯಲ್ಲಿ ಬಿಳಿಗೂದಲ ದೊಡ್ಡಿಲಿ ಕೈಮಡಚಿ ಕೂತಿರುತ್ತಿತ್ತು. ಅವನು ಕಲ್ಲು ನಿಲ್ಲಿಸುವುದನ್ನು ನೋಡುತ್ತ, "ಕಡ್ಡಿ ಸ್ವಲ್ಪ ಎಡಕ್ಕೆ," ಎನ್ನುತ್ತಿತ್ತು. ಅವನು ಎಡಕ್ಕೆ ಸರಿಸುತ್ತಿದ್ದ. ಎಚ್ಚರವಾದಾಗ ಮಗ್ಗುಲಲ್ಲಿ ಎಮಿತಿಯ ಬೆಚ್ಚನೆಯ ಬೆನ್ನು, ಹೊರಗೆ ನದಿಯ ಮೊರೆತ. ಕನಸು ಎಲ್ಲಿ ಮುಗಿಯಿತು ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಅದೇ ಬಂಡೆಯನ್ನು ಹುಡುಕಿಕೊಂಡು ಅವನು ಎಷ್ಟೋ ಮುಂಜಾವು ಅಲೆದಿದ್ದಾನೆ. ಅಲ್ಲಿ ಎಲ್ಲ ಬಂಡೆಗೂ ಪಾಚಿಯೇ.

ವರ್ಷಗಳು ಹೀಗೆ ಹೋದವು. ಅಮ್ಮ ಹೋದಳು. ಮಗಳೊಬ್ಬಳು ಹುಟ್ಟಿ, ಅಪ್ಪ ತಂದ ಇಲಿಯ ಸಾರು ಕುಡಿದು ಬೆಳೆದು, ಮದುವೆಯಾಗಿ ರೋಯಿಂಗ್ ಪೇಟೆಯ ಕಡೆ ಹೋದಳು. ಯಾರ ಮನೆಯಲ್ಲಿ ಬಾಣಂತಿಯಿದ್ದರೂ, ಯಾರ ಮನೆಯ ಹಬ್ಬಕ್ಕೆ ಹೆಣ್ಣುನೆಂಟರು ಬಂದರೂ ಅಚಿತೊನಿಗೆ ಕರೆ ಬರುತ್ತಿತ್ತು. ಹೊಗೆಯಾಡಿಸಿ ಒಣಗಿಸಿದ ಇಲಿಗಳನ್ನು ಬಿದಿರುಕಡ್ಡಿಗೆ ಪೋಣಿಸಿ ಹೆಗಲಿಗೆ ಹಾಕಿಕೊಂಡು ಅವನು ಬಂದರೆ ಹೆಂಗಸರ ಒಲೆಯ ಹತ್ತಿರ ಒಳ್ಳೆಯ ಜಾಗ ಬಿಟ್ಟುಕೊಡುತ್ತಿದ್ದರು. ಗಂಡಸರಿಗೆ ಇದು ನಗೆ. ಬೂಕೊ ಹೇಳುತ್ತಿದ್ದ: "ನನ್ನ ತಮ್ಮ ಸತ್ತರೆ ಗಂಡಸರು ಯಾರೂ ಅಳಲ್ಲ. ಊರ ಹೆಂಗಸರೆಲ್ಲ ಎದೆ ಬಡ್ಕೊಳ್ತಾರೆ."

"ಅಳೋರು ಅವರಾದ್ರೆ ಸಾಕಲ್ಲ ಬಾವ," ಎನ್ನುತ್ತಿದ್ದಳು ಎಮಿತಿ.

ಅವಳು ಹಾಸಿಗೆ ಹಿಡಿದದ್ದು ಒಂದು ಮಳೆಗಾಲದ ಕೊನೆಯಲ್ಲಿ. ಮೈಯಲ್ಲಿ ಸಣ್ಣ ಜ್ವರ, ಊಟ ಸೇರದು. ಪೇಟೆಯ ಡಾಕ್ಟರು ಕೊಟ್ಟ ಗುಳಿಗೆ ಮುಗಿದವು, ಜ್ವರ ಮುಗಿಯಲಿಲ್ಲ. ಅಚಿತೊ ದಿನವೂ ಸೇತುವೆ ದಾಟಿದ. ತಂದದ್ದನ್ನು ತಾನೇ ಬೇಯಿಸಿ, ಜಜ್ಜಿ, ಸಾರು ಮಾಡಿ ಬಾಯಿಗೆ ಹಿಡಿದ. ಅವಳು ಮುಖ ತಿರುಗಿಸುತ್ತಿದ್ದಳು. ಒಂದು ದಿನ ಕಣ್ಣುಮುಚ್ಚಿಕೊಂಡೇ, "ಆ ಇಲಿ ಸಿಕ್ಕಿದ್ರೆ ತಿಂತಿದ್ದೆ," ಎಂದಳು. ಅಚಿತೊ ಹೊರಗೆ ಹೋಗಿ ಸೌದೆಯ ರಾಶಿಯ ಹಿಂದೆ ಕೂತು ಅತ್ತ. ಅಣ್ಣನ ಅಟ್ಟದಲ್ಲಿ ಊರ ಬೇಟೆಗಾರರು ಪಾಲು ಕೊಟ್ಟ ತಾಕಿನ್ ತೂಗುತ್ತಿತ್ತು. ಕೈಚಾಚಿದರೆ ಸಿಗುತ್ತಿತ್ತು. ಒಂದು ಸಲ ತಿಂದ ತಪ್ಪಿಗೇ ಬೆಟ್ಟದ ಒಡೆಯ ಇಷ್ಟು ವರ್ಷ ಕಾದು ಈಗ ಬಂದಿದ್ದಾನೆ, ಎರಡನೇ ಸಲ ತಿನ್ನಿಸಿ ಅವಳನ್ನು ತಾನೇ ಕೈಯಾರೆ ಕಳಿಸಿಕೊಡುವುದೇ?

ಬೂಕೊನೇ ಹೋಗಿ ಇಗುವನ್ನು ಕರೆತಂದ. ಸತ್ತವರನ್ನು ದಾಟಿಸುವವನೂ, ರೋಗಿಯನ್ನು ಉಳಿಸುವವನೂ ಇಲ್ಲಿ ಇಗುವೇ. ಹೆಸರು ತಾದೆ, ಮುದುಕ, ಕುರುಚಲು ಗಡ್ಡ. ಹುಲಿಹಲ್ಲಿನ ಪಟ್ಟಿ ಹೆಗಲಿಗೆ ಹಾಕಿಕೊಂಡು, ಇಳಿಹೊತ್ತಿನಲ್ಲಿ ಒಲೆಯ ಪಕ್ಕ ಕೂತು ಬಹಳ ಹೊತ್ತು ಗುನುಗಿದ. ಅವನ ಗುನುಗಿಗೆ ಮನೆಯೇ ತೂಕಡಿಸಿದಂತಾಯಿತು. ಆಮೇಲೆ ಕಣ್ಣು ತೆರೆದು, ಹಾದಿಯಲ್ಲಿ ಸಿಕ್ಕವರನ್ನು ವಿಚಾರಿಸಿದಷ್ಟು ಸಾದಾ ದನಿಯಲ್ಲಿ ಕೇಳಿದ:

"ಈ ಮನೇಲಿ ಯಾರಾದ್ರೂ ಕಟ್ಟು ಮುರಿದಿದ್ದೀರಾ? ಹಳೇದಾದ್ರೂ ಪರವಾಗಿಲ್ಲ. ಹೇಳಿದ್ರೆ ದಾರಿ ಉಂಟು. ಮುಚ್ಚಿಟ್ರೆ ನನ್ನ ಕೈಲಿ ಏನೂ ಇಲ್ಲ."

ಅಚಿತೊ ಅಣ್ಣನ ಕುಂಟುಕಾಲನ್ನೇ ನೋಡುತ್ತಿದ್ದ. ಹೇಳಿದರೆ ಈ ಕಾಲಿನ ಲೆಕ್ಕ ತನ್ನ ತಲೆಗೆ ಬರುತ್ತದೆ. ಹೇಳದಿದ್ದರೆ ಅವಳು ಹೋಗುತ್ತಾಳೆ. ಇದರಲ್ಲಿ ತೂಗುವುದಕ್ಕೇನಿದೆ? ಅವನು ಬಾಯಿ ತೆರೆದ. ಅಷ್ಟರಲ್ಲಿ ಬೇರೆ ದನಿ ಕೇಳಿತು.

"ನಾನು ಮುರಿದಿದ್ದೀನಿ," ಎಂದಳು ಹಾಸಿಗೆಯಿಂದ ಎಮಿತಿ. "ಮದುವೆಯಾದ ಹೊಸದ್ರಲ್ಲಿ ತಾಕಿನ್ ತಿಂದೆ. ಗೊತ್ತಿದ್ದೇ ತಿಂದೆ. ಇವರದ್ದು ಏನೂ ತಪ್ಪಿಲ್ಲ, ಕತ್ತಲಲ್ಲಿ ಇಲಿ ಅನ್ಕೊಂಡು ಹಾಕಿದ್ರು."

ಒಲೆಯಲ್ಲಿ ಸೌದೆ ಚಟ್ ಎಂದಿತು. ಎಲ್ಲರೂ ಬೂಕೊನ ಮುಖ ನೋಡಿದರು. ತಾಕಿನ್ ಅವನದು, ಮುರಿದ ಕಾಲೂ ಅವನದು. ಬೂಕೊ ಗಲ್ಲ ಕೆರೆದುಕೊಂಡ.

"ಅದಾ?" ಎಂದ. "ಕೊನೇ ಸಾಲಿನ ದಪ್ಪ ತುಂಡು? ಅಯ್ಯೋ, ಅದನ್ನ ಎಷ್ಟು ಹುಡುಕಿದೆ ಗೊತ್ತಾ! ನಾಯಿ ತಿಂತು ಅಂತ ನಾಯಿಗೆ ಹೊಡೆದೆನಲ್ಲ!"

"ಅಣ್ಣ, ನಿನ್ನ ಕಾಲು..." ಎಂದ ಅಚಿತೊ.

"ನನ್ನ ಕಾಲು? ಕಂಠಪೂರ್ತಿ ಕುಡಿದು ಪಾಚಿಬಂಡೆ ಮೇಲೆ ಕುಣಿದ್ರೆ ಕಾಲು ಮುರೀದೆ ಇರತ್ತೇನೋ? ಬೆಟ್ಟದ ಒಡೆಯನೇ ನಕ್ಕಿರ್ತಾನೆ." ಆಮೇಲೆ ಬೂಕೊ ಮೆಲ್ಲಗೆ ಹೇಳಿದ: "ಪಾಪ, ಆ ನಾಯಿ."

ತಾದೆ ಒಂದು ಕೋಳಿ ತರಿಸಿದ. ಆಡಬೇಕಾದ ಮಾತುಗಳನ್ನೆಲ್ಲ ಬೆಟ್ಟದ ಕಡೆ ತಿರುಗಿ ಆಡಿದ. ಗುಳಿಗೆಯ ಫಲವೋ, ಕೋಳಿಯ ಫಲವೋ, ಹೊಟ್ಟೆಯೊಳಗಿನ ಮಾತು ಹೊರಬಿದ್ದ ಫಲವೋ, ಜ್ವರ ಇಳಿಯಿತು. ನಾನಂತೂ ಮೂರನೆಯದನ್ನೇ ನಂಬುವವನು. ಒಂದು ವಾರದಲ್ಲಿ ಎಮಿತಿ ಬಾಗಿಲ ಬಿಸಿಲಿಗೆ ಬಂದು ಕೂತಳು. ಅಚಿತೊ ಇಲಿಯ ಸಾರಿನ ಬಟ್ಟಲು ತಂದು ಎದುರಿಗೆ ಕುಕ್ಕಿದ.

"ಗೊತ್ತಿತ್ತಾ ನಿಂಗೆ?"

"ಹಲ್ಲು ಬಂದಾಗಿಂದ ಇಲಿ ತಿಂದೋಳು ನಾನು. ಇಲಿ ಯಾವ್ದು ಅಂತ ಗೊತ್ತಾಗಲ್ವಾ?"

"ಉಗೀಬಾರದಿತ್ತಾ?"

"ಎಷ್ಟು ಆಸೆಯಿಂದ ಹಾಕಿದ್ದೆ ನೀನು. ಉಗಿದಿದ್ರೆ ಮನೆಯವರೆಲ್ಲ ನಿನ್ನ ಹರಿದು ತಿಂತಿದ್ರು. ಅದಕ್ಕೆ ನುಂಗಿದೆ." ಅವಳು ಸಾರು ಊದಿ ಗುಟುಕರಿಸಿದಳು. "ಎರಡನೇ ತುತ್ತು ಮಾತ್ರ ಆಸೆಗೇ ತಿಂದಿದ್ದು. ಸುಳ್ಳು ಯಾಕೆ ಹೇಳ್ಲಿ."

ಅಚಿತೊನಿಗೆ ರೇಗಿತು. ನಿಜವಾಗಿಯೂ ರೇಗಿತು. ಜಜ್ಜಿದ ಬೆರಳುಗಳು, ಜಾರಿದ ಇಳಿಜಾರುಗಳು, ಜಿಗಣೆ ಕಡಿದ ಕಾಲುಗಳು ಎಲ್ಲ ಒಟ್ಟಿಗೆ ನೆನಪಾದವು. "ಹಾಗಿದ್ರೆ ನನ್ನನ್ನ ಯಾಕೆ ಅಲೆಸಿದೆ? ಆ ಇಲಿ ತಾ, ಆ ಇಲಿ ತಾ ಅಂತ! ಇಲ್ಲದ ಇಲೀನ ಎಲ್ಲಿಂದ ತರ್ಲಿ ನಾನು? ತಲೆಗೂದಲು ಬೆಳ್ಳಗಾಯ್ತಲ್ಲೇ ನಂದು!"

ಎಮಿತಿ ಬಟ್ಟಲನ್ನು ಕೆಳಗಿಟ್ಟು ಹಿಮದ ಬೆಟ್ಟಗಳ ಕಡೆ ನೋಡಿದಳು. ಮೋಡ ಸರಿದು ಅವು ಹೊಳೆಯುತ್ತಿದ್ದವು.

"ನೀನು ಹೆದರಿಕೆಯಿಂದ ಕೋವಿ ತೂಗುಹಾಕಿದೆ. ನಂಗೆ ಅದೂ ಗೊತ್ತಿತ್ತು. ಹೆದರಿಕೆ ಎಷ್ಟು ವರ್ಷ ಇರತ್ತೆ? ಒಂದಿನ ಧೈರ್ಯ ಬಂದು ಮತ್ತೆ ಮೇಲೆ ಹೋಗ್ತಿದ್ದೆ. ನಮ್ಮಪ್ಪನ ನಾಯಿ ಬಂತು ಕಣಯ್ಯ, ಅಪ್ಪ ಬರಲಿಲ್ಲ. ಇಲಿ ಹುಡುಕೋಕೆ ಹೋದೋನು ಸಂಜೆಗೆ ಮನೆಗೆ ಬರ್ತಾನೆ."

ಮದುವೆಯ ಮೊದಲ ವಾರ ಕೇಳಿದ ಮಾತು ಅಚಿತೊನಿಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು. ಅವಳ ಪಕ್ಕದಲ್ಲಿ ಕೂತ. ಅವಳು ಅರ್ಧ ಕುಡಿದಿಟ್ಟ ಸಾರನ್ನು ತಾನು ಕುಡಿದ. ಗಂಡಸರು ಇಲಿ ತಿನ್ನಬಾರದು ಎಂದು ಎಲ್ಲೂ ಇಲ್ಲ.

ಮಾರನೆಯ ಮುಂಜಾನೆ ಅವನು ಅಭ್ಯಾಸಬಲದಿಂದ ಬುಟ್ಟಿ ಹೆಗಲಿಗೇರಿಸಿದಾಗ ಒಳಗಿಂದ ದನಿ ಬಂತು: "ಆ ಇಲಿ ಸಿಕ್ಕಿದ್ರೆ ಬಿಡಬೇಡ!"

"ಸಿಕ್ಕಿದ್ರೆ ಬಿಡ್ತೀನಾ?" ಎಂದ ಅಚಿತೊ. ಸೇತುವೆ ದಾಟುವಾಗ ಅವನು ಒಬ್ಬನೇ ನಗುತ್ತಿದ್ದ.

ಹೊಳೆಯಾಚೆ ಮಂಜು ದಟ್ಟವಾಗಿತ್ತು. ಬಿದಿರುಮೆಳೆಯ ಕೆಳಗೆ ಅವನು ಹಿಂದಿನ ದಿನ ನಿಲ್ಲಿಸಿದ್ದ ದೊಡ್ಡ ಕಲ್ಲಿನ ಹತ್ತಿರ ಏನೋ ಅಲುಗಿತು. ಅಚಿತೊ ಉಸಿರು ಹಿಡಿದು ನಿಂತ. ಪಾಚಿಬಂಡೆಯ ಮೇಲೆ ಕೈಮಡಚಿ ಕೂತಿತ್ತು, ಮೊಲದಷ್ಟು ಗಾತ್ರದ್ದು, ದುಂಡು ಮೈ, ಕಿವಿಯ ಮೇಲೆ ಬೆಳ್ಳಗೆ ನಾಲ್ಕು ಕೂದಲು. ಮೀಸೆಯ ತುದಿಯಲ್ಲಿ ಮಂಜಿನ ಹನಿ. ಇದು ಕನಸೋ ಎಂದು ಅವನು ಹಳೆಯ ಗಾಯದ ಬೆರಳನ್ನು ಒತ್ತಿ ನೋಡಿಕೊಂಡ. ನೋಯಿತು. ಇಲಿ ಬಂಡೆಯಿಂದಿಳಿದು, ಅವಸರವಿಲ್ಲದೆ, ಕಲ್ಲಿನ ಅಡಿಯ ಜೋಳದ ಕಡೆ ಹೆಜ್ಜೆ ಹಾಕಿತು. ಇನ್ನು ಎರಡು ಹೆಜ್ಜೆ. ಒಂದು ಆಯುಷ್ಯವೆಲ್ಲ ಹುಡುಕಿದ್ದು ಇದನ್ನೇ.

ಸಿಕ್ಕಿಬಿಟ್ಟರೆ ನಾಳೆ ಅವಳು ಏನು ಕೇಳುತ್ತಾಳೆ?

ಅಚಿತೊ ಬಗ್ಗಿ ಒಂದು ಹೆಂಟೆ ಎತ್ತಿ ಬಿದಿರಿನ ಬುಡಕ್ಕೆ ಎಸೆದ. ಇಲಿ ಒಮ್ಮೆ ತಿರುಗಿ ನೋಡಿ ಮಂಜಿನೊಳಗೆ ನುಗ್ಗಿತು. ಅದರ ಅದುರಿಗೆ ಕಡ್ಡಿ ತಪ್ಪಿ ಕಲ್ಲು ಬರಿದೇ ಬಿತ್ತು. ಅವನು ಅದನ್ನು ಮತ್ತೆ ನಿಲ್ಲಿಸಿದ, ಕಡ್ಡಿಯನ್ನು ಸ್ವಲ್ಪ ಎಡಕ್ಕೆ ಸರಿಸಿದ.

ಸಂಜೆ ಬುಟ್ಟಿಯಲ್ಲಿ ಸಣ್ಣವು ನಾಲ್ಕಿದ್ದವು. ಎಮಿತಿ ಒಲೆಯ ಮುಂದೆ ಕೂತು ಅವುಗಳನ್ನು ಒಂದೊಂದಾಗಿ ಬೆಂಕಿಗೆ ಹಿಡಿದಳು.

"ಸಿಕ್ತಾ?"

"ಇಲ್ಲ," ಎಂದ ಅಚಿತೊ.

"ನಾಳೆ ಹೋಗು," ಎಂದಳು ಎಮಿತಿ.